ಬೀದಿಯ ಮಾತೆಲ್ಲ ಒಂದೇ ಎಳೆಯಲ್ಲಿ

ಬೀದಿಯ ತಿರುವಿನಲ್ಲಿ, ಬ್ರೆಡ್ಡಿನ ಭಟ್ಟಿಗೂ ಇಸ್ತ್ರಿ ಅಂಗಡಿಗೂ ನಡುವೆ, ಕಿಟಕಿಯಿಲ್ಲದ ಒಂದು ಕೋಣೆ ಇತ್ತು. ಹೊರಗಿನಿಂದ ನೋಡಿದರೆ ಯಾರೋ ಅಂಗಡಿ ಕಟ್ಟಲು ಹೊರಟು, ಅರ್ಧಕ್ಕೆ ಮನಸ್ಸು ಬದಲಾಯಿಸಿ ಬಿಟ್ಟುಹೋದಂತೆ ಕಾಣುತ್ತಿತ್ತು. ಬೂದು ಬಣ್ಣದ ಕಬ್ಬಿಣದ ಬಾಗಿಲು, ಅದರ ಮೇಲೆ ಮಾಸಿದ ಮಿಂಚಿನ ಗುರುತು, ಅಷ್ಟೇ. ಆದರೆ ಆ ಬೀದಿಯವರು ದೂರದೂರಿಗೆ ಆಡಿದ ಮಾತು ಜಗಳವೇ ಇರಲಿ, ಲಲ್ಲೆಯೇ ಇರಲಿ, ಸಾವಿನ ಸುದ್ದಿಯೇ ಇರಲಿ, ಆ ಕೋಣೆಯನ್ನು ಹಾಯ್ದೇ ಊರಾಚೆ ಹೋಗಬೇಕಿತ್ತು. ಜನ ಅದನ್ನು ಗೂಡು ಅನ್ನುತ್ತಿದ್ದರು. ಅದನ್ನು ನೋಡಿಕೊಳ್ಳುತ್ತಿದ್ದವಳು ಗೂಡಕ್ಕ.

ಒಳಗೆ ಕಾಲಿಟ್ಟರೆ ಬೇರೆಯೇ ಲೋಕ. ಕೊಳದ ತಳದಲ್ಲಿರುವಂತಹ ತಣ್ಣನೆಯ ಗಾಳಿ. ತಂಪು ಯಂತ್ರ ನಿದ್ದೆ ಹೋದ ದೊಡ್ಡ ಪ್ರಾಣಿಯಂತೆ ಗುಂಯ್ಗುಡುತ್ತಿತ್ತು. ಮನೆಮನೆಯಿಂದ, ಅಂಗಡಿ ಅಂಗಡಿಯಿಂದ ಜೋಡಿ ಜೋಡಿ ತಾಮ್ರದ ತಂತಿಗಳು ನೆಲದಡಿಯ ಕೊಳವೆಯಲ್ಲಿ ತೆವಳಿ ಬಂದು, ಗೋಡೆಯ ಬುಡದಲ್ಲಿ ತಲೆಯೆತ್ತಿ, ಬಾಚಿ ಹೆಣೆದ ಜಡೆಯಂತೆ ಮೇಲಕ್ಕೇರಿ, ಆಳೆತ್ತರದ ಪೆಟ್ಟಿಗೆಯೊಂದರ ಬೆನ್ನಿಗೆ ಹೊಗುತ್ತಿದ್ದವು. ಅದೇ ಕೂಡುಪೆಟ್ಟಿಗೆ. ಹೊಗುವ ತಂತಿಗಳು ಲೆಕ್ಕವಿಲ್ಲದಷ್ಟು. ಹೊರಡುವುದು ಮಾತ್ರ ಒಂದೇ ಒಂದು ಗಾಜಿನ ಎಳೆ, ತಲೆಗೂದಲಿನಷ್ಟು ಸಣ್ಣದು, ಮೈಮೇಲೆ ಹಳದಿ ಅಂಗಿ ತೊಟ್ಟದ್ದು. ಅದೇ ಟ್ರಂಕ್ ಲೈನು. ಗುಡ್ಡ ಹೊಳೆ ದಾಟಿ ಮಹಾನಗರದ ದೊಡ್ಡ ಕಟ್ಟಡದವರೆಗೂ ಅದು ಒಂದೇ ಉಸಿರಿಗೆ ಹೋಗುತ್ತಿತ್ತು.

"ಇಡೀ ಬೀದಿ ಮಾತು ಆ ಕೂದಲೆಳೇಲಿ ಹೇಗಕ್ಕ ಹಿಡಿಸುತ್ತೆ?" ಎಂದು ಭಟ್ಟಿಯವನು ಒಮ್ಮೆ ಬಾಗಿಲಲ್ಲೇ ನಿಂತು ಕೇಳಿದ್ದ. ಅವನ ರೆಪ್ಪೆಯ ಮೇಲೂ ಹಿಟ್ಟಿತ್ತು.

"ನಿಮ್ಮ ಮಾತನ್ನ ನಿಮ್ಮ ಬ್ರೆಡ್ಡಿನ ಹಾಗೇ ಹೋಳು ಹೋಳು ಮಾಡುತ್ತೆ. ಯಾರದು, ಎಲ್ಲಿಗೆ ಅಂತ ಪ್ರತಿ ಹೋಳಿಗೂ ಚೀಟಿ ಅಂಟಿಸುತ್ತೆ. ಎಲ್ಲರ ಹೋಳೂ ಒಂದರ ಹಿಂದೆ ಒಂದು ಓಡ್ತವೆ. ಆಚೆ ತುದೀಲಿ ಬಿಡಿಸಿ ಮತ್ತೆ ಜೋಡಿಸ್ತಾರೆ."

"ನನ್ನ ಹೋಳು ಹೋಗಿ ಇಸ್ತ್ರಿಯವನ ಹೋಳಿಗೆ ಸೇರಿಬಿಟ್ರೆ?"

"ಸೇರಿದ್ರೆ ಒಳ್ಳೇದೇ ಆಯ್ತು. ನಿಮ್ಮ ಮಾತಿನ ಸುಕ್ಕಾದ್ರೂ ಹೋಗುತ್ತೆ."

ಅವನು ಹೊಟ್ಟೆ ಕುಲುಕಿಸಿ ನಕ್ಕ. ಆಮೇಲೆ ಅವಳು, ತನಗೇ ಹೇಳಿಕೊಳ್ಳುವವಳಂತೆ, ಇನ್ನೊಂದು ಮಾತು ಹೇಳಿದ್ದಳು: "ಸುಮ್ಮನಿರೋರಿಗೆ ಇದು ಜಾಗ ಹಿಡಿದಿಡೋಲ್ಲ. ನೀವು ಉಸಿರು ತಗೊಳ್ಳೋ ಸಂದೀಲಿ ಬೇರೆ ಯಾರದೋ ಮಾತು ನುಗ್ಗಿ ಹೋಗಿರುತ್ತೆ. ಎಲ್ಲರೂ ಒಂದೇ ಸಲ ಬಾಯಿ ತೆಗೆಯೋಲ್ಲ ಅನ್ನೋ ನಂಬಿಕೆ ಮೇಲೇ ಈ ಪೆಟ್ಟಿಗೆ ನಿಂತಿರೋದು."

ಮಧ್ಯಾಹ್ನ ಬೀದಿ ತೂಕಡಿಸುವ ಹೊತ್ತಿಗೆ ಅವಳು ಮೇಜಿನ ಮುಂದೆ ಕೂತು, ಗಾಜಿನ ಅಡ್ಡಗೋಡೆಯ ಆಚೆ ಮಿನುಗುವ ಹಸಿರು ದೀಪಗಳನ್ನು ನೋಡುತ್ತಿದ್ದಳು. ಒಂದೊಂದು ದೀಪವೂ ಒಂದೊಂದು ಮನೆ. ದೀಪ ಮಿನುಗಿದರೆ ಅಲ್ಲಿ ಯಾರೋ ಏನೋ ಹೇಳುತ್ತಿದ್ದಾರೆ. ನೋಡುತ್ತ ನೋಡುತ್ತ ಕಣ್ಣು ಮಂಜಾಗಿ, ಬೀದಿಯೇ ಕರಗಿ ಹನಿಹನಿಯಾಗಿ ಆ ಎಳೆಯೊಳಗೆ ಇಳಿದು ಹೋಗುತ್ತಿದೆ ಅನ್ನಿಸುತ್ತಿತ್ತು. ಆ ಹರಿವಿನಲ್ಲಿ ತಾನೂ ತೇಲುತ್ತಿದ್ದೇನೆ ಅನ್ನಿಸಿ ಕುರ್ಚಿಯ ಕೈ ಹಿಡಿದುಕೊಳ್ಳುತ್ತಿದ್ದಳು.

ಮನೆಯಲ್ಲೂ ಅವಳದು ಇನ್ನೊಬ್ಬರ ಮಾತು ದಾಟಿಸುವ ಇದೇ ಕೆಲಸ. ಮನೆಯಲ್ಲಿ ಮೂವರು: ಅಮ್ಮ, ಗೂಡಕ್ಕ, ತಮ್ಮ. ತಮ್ಮ ದರ್ಜಿ. ಬೀದಿಯ ಆ ತುದಿಯಲ್ಲಿ ಅವನ ಹೊಲಿಗೆ ಅಂಗಡಿ. ಅವನ ಕೈ ಬಟ್ಟೆಯ ಮೇಲೆ ನೀರಿನಂತೆ ಓಡುತ್ತಿತ್ತು, ನಾಲಿಗೆ ಮಾತ್ರ ಕಲ್ಲಿನಂತೆ ನಿಲ್ಲುತ್ತಿತ್ತು. ತೊದಲು ಅಂದರೆ ಒಂದೇ ಅಕ್ಷರವನ್ನು ಮತ್ತೆ ಮತ್ತೆ ಹೇಳುವ ಜಾತಿಯದಲ್ಲ. ಬಾಯಿ ತೆರೆದು, ತುಟಿ ಅಕ್ಷರಕ್ಕೆ ಅಣಿಯಾಗಿ, ಅಲ್ಲೇ ಬೀಗ ಬೀಳುತ್ತಿತ್ತು. ಕುತ್ತಿಗೆಯ ನರ ಉಬ್ಬುತ್ತಿತ್ತು, ದನಿ ಬರುತ್ತಿರಲಿಲ್ಲ. ಎದುರಿಗಿದ್ದವರು ನೆಲ ನೋಡುತ್ತಿದ್ದರು. ಆ ಮುಜುಗರ ತಡೆಯಲಾರದೆ ಗೂಡಕ್ಕ ಚಿಕ್ಕಂದಿನಿಂದಲೂ ಅವನ ಮಾತನ್ನು ತಾನೇ ಮುಗಿಸುತ್ತ ಬಂದಿದ್ದಳು. ಅವನು "ನ" ಅನ್ನುವಷ್ಟರಲ್ಲಿ ಇವಳು "ನಾಳೆ ಬನ್ನಿ, ಕಾಲರ್ ಆಗಿಲ್ಲ" ಅಂದಾಗಿರುತ್ತಿತ್ತು. ದಾರದವನಿಗೆ, ಅಸ್ತರಿನವನಿಗೆ, ನೆಂಟರಿಷ್ಟರಿಗೆ, ಅವನ ಪಾಲಿನ ಫೋನುಗಳನ್ನೆಲ್ಲ ಅವಳೇ ಮಾಡುತ್ತಿದ್ದಳು.

"ದೇವರು ಇಬ್ಬರಿಗೆ ಅಂತ ಕೊಟ್ಟ ಮಾತನ್ನ ನೀನೊಬ್ಬಳೇ ಖರ್ಚು ಮಾಡ್ತಿದ್ದೀಯ," ಎಂದು ಅಮ್ಮ ಆಗಾಗ ಚುಚ್ಚುತ್ತಿದ್ದಳು.

"ಮತ್ತೆ ಅವನು ಬಾಯಿ ಬಿಡೋವರೆಗೂ ಗಿರಾಕಿ ನಿಲ್ತಾರಾ?"

"ನಿಲ್ಲಿಸಿ ನೋಡಿದ್ದೀಯಾ?"

ಹಾಗೆ ನಿಂತವಳು ಒಬ್ಬಳು ಬಂದಳು. ದೂರದ ಊರಿನವಳು, ಕೊಂಬಿನಿಂದ, ಕಪ್ಪೆಚಿಪ್ಪಿನಿಂದ ಗುಂಡಿ ಕೊರೆಯುವ ಕಾರ್ಖಾನೆ ನಡೆಸುವವಳು. ರಟ್ಟಿನ ಮೇಲೆ ಗುಂಡಿಗಳನ್ನು ಹೊಲಿದು ಮಾದರಿ ತೋರಿಸಲು ಅಂಗಡಿಗೆ ಬಂದಿದ್ದಳು. ತಮ್ಮ ಒಂದು ಚಿಪ್ಪಿನ ಗುಂಡಿಯನ್ನು ಬೆಳಕಿಗೆ ಹಿಡಿದ. ಅದರೊಳಗೆ ಬೆಳಗಿನ ಬಾನಿನ ಬಣ್ಣವೆಲ್ಲ ಇತ್ತು. ಅವನು "ಚ" ಅಂದು ನಿಂತ. ಗೂಡಕ್ಕ ಅಲ್ಲಿರಲಿಲ್ಲ. ಗುಂಡಿಯಾಕೆ ನೆಲ ನೋಡಲಿಲ್ಲ, ಗಡಿಯಾರ ನೋಡಲಿಲ್ಲ, ಬಸ್ಸಿನ ಕಿಟಕಿಯಲ್ಲಿ ಕೂತು ಊರು ಬರುವುದನ್ನು ಕಾಯುವವಳಂತೆ ಅವನ ಮುಖ ನೋಡುತ್ತ ಕೂತಳು. ಕೊನೆಗೆ "ಚೆಂದ" ಬಂತು. "ಹೌದಲ್ವಾ?" ಅಂದಳು ಅವಳು.

ಅಂದಿನಿಂದ ತಮ್ಮ ಹೊಲಿದ ಅಂಗಿಗೆಲ್ಲ ಚಿಪ್ಪಿನ ಗುಂಡಿ. ಕೂಲಿಯವರ ಒರಟು ಕೆಲಸದಂಗಿಗೂ ಅದೇ. ಬೀದಿಗೆ ವಿಷಯ ಗೊತ್ತಾಗಲು ಇನ್ನೇನು ಬೇಕು? ಗೂಡಕ್ಕ ಎಂದಿನಂತೆ ಫೋನು ಎತ್ತಿ, ತಮ್ಮನ ಪರವಾಗಿ ಕೇಳಿಯೇಬಿಟ್ಟಳು.

ಆ ಕಡೆಯಿಂದ ಗುಂಡಿಯಾಕೆ ಹೇಳಿದಳು: "ಅಕ್ಕ, ನೀವು ಕೇಳಿದ್ದಕ್ಕೆ ನಾನು ಹೂಂ ಅಂದ್ರೆ ನಿಮ್ಮನ್ನ ಮದುವೆ ಆದ ಹಾಗಾಗುತ್ತೆ. ಅವರಿಗೆ ಬೇಕಿದ್ರೆ ಅವರೇ ಕೇಳ್ಲಿ. ಆದ್ರೆ ಬೇಗ ಕೇಳೋಕೆ ಹೇಳಿ. ನಮ್ಮ ಮನೆಗೆ ಬೇರೆ ಕಡೆಯವರು ಹೆಣ್ಣು ಕೇಳ್ಕೊಂಡು ಬಂದಿದ್ದಾರೆ, ತಿಂಗಳ ಕೊನೆಗೆ ಅವರಿಗೆ ಒಂದು ಮಾತು ಹೇಳ್ಬೇಕು."

ತಮ್ಮ ಫೋನಿನ ಮುಂದೆ ಕೂರತೊಡಗಿದ. ಎತ್ತುವುದು, ಇಡುವುದು. ಎದುರಿಗೆ ಮುಖವಿದ್ದರೆ ತುಟಿಯನ್ನಾದರೂ ನೋಡುತ್ತಾರೆ, ಫೋನಿನಲ್ಲಿ ಬರೀ ಖಾಲಿ. ಆ ಖಾಲಿಯನ್ನು ನೆನೆದವನೇ ಎದ್ದು ಮತ್ತೆ ಕತ್ತರಿ ಹಿಡಿಯುತ್ತಿದ್ದ. ತಿಂಗಳು ಮಾತ್ರ ಯಾರಿಗೂ ಕಾಯದೆ ಸವೆಯುತ್ತಿತ್ತು.

ಅಂತಹ ದಿನಗಳಲ್ಲೇ ಗೂಡಿನಲ್ಲಿ ಆ ಎಡವಟ್ಟು ನಡೆಯಿತು.

ಟ್ರಂಕ್ ಲೈನಿನ ಪರೀಕ್ಷೆ ಇತ್ತು. ಮಹಾನಗರದ ದೊಡ್ಡ ಕಟ್ಟಡದಲ್ಲಿ ಕೂತು ಎಳೆಯ ಇನ್ನೊಂದು ಕೊನೆ ನೋಡಿಕೊಳ್ಳುವವನನ್ನು ಗೂಡಕ್ಕ ಆಚೆ ತುದಿಯಣ್ಣ ಅನ್ನುತ್ತಿದ್ದಳು. ಮುಖ ನೋಡಿರಲಿಲ್ಲ, ಕೆಮ್ಮು ಮಾತ್ರ ಗೊತ್ತಿತ್ತು. ಪರೀಕ್ಷೆಯ ರೀತಿ ಹೀಗೆ: ಆಚೆ ತುದಿಯಲ್ಲಿ ಒಂದು ಲೂಪ್ ಹಾಕುತ್ತಾರೆ, ಅಂದರೆ ಬಂದದ್ದನ್ನು ಬಂದ ದಾರಿಗೇ ತಿರುಗಿಸುವ ಒಂದು ಗೇಣು ಎಳೆ. ಇಲ್ಲಿಂದ ಕಳಿಸಿದ್ದು ಕೆಡದೆ ಮರಳಿದರೆ ಲೈನು ಚೆನ್ನಾಗಿದೆ ಅಂತ ಅರ್ಥ. ಪರೀಕ್ಷೆ ಮುಗಿಯಿತು. ಅಕ್ಕ ಹೇಳಲಿ, ಲೂಪ್ ತೆಗೆಯೋಣ ಎಂದು ಅಣ್ಣ ಕಾದ. ತೆಗೆದಾಯಿತೆಂದು ಅಣ್ಣ ಹೇಳುತ್ತಾನೆ ಎಂದು ಅಕ್ಕ ಕಾದಳು. ಕಾಯುತ್ತ ಇಬ್ಬರೂ ಊಟದ ಡಬ್ಬಿ ಬಿಚ್ಚಿದರು. ಗಂಟೆ ಬಾರಿಸುವ ಸಂಕೇತ ಬೇರೆ ದಾರಿಯಲ್ಲಿ ಹೋಗುವುದರಿಂದ ಫೋನುಗಳು ಎಂದಿನಂತೆ ರಿಂಗಾಗುತ್ತಿದ್ದವು, ಆಚೆಯವರು ಎತ್ತುತ್ತಲೂ ಇದ್ದರು. ಮಾತು ಮಾತ್ರ ಆಡಿದವರಿಗೇ ಮರಳುತ್ತಿತ್ತು.

ಊಟ ಮುಗಿಯುವಷ್ಟರಲ್ಲಿ ಬೀದಿ ಬಾಗಿಲಿಗೆ ಬಂತು. ಭಟ್ಟಿಯವನು ಹಿಟ್ಟಿನ ವ್ಯಾಪಾರಿಗೆ ಬೈದು, ಬೈದಷ್ಟನ್ನೂ ತಾನೇ ತಿಂದು ಕೆಂಪಾಗಿದ್ದ. "ನಾನು ಕತ್ತೆ ಅಂದ್ರೆ ಅವನೂ ಕತ್ತೆ ಅಂತಾನೆ, ಅದೂ ನನ್ನ ದನೀಲೇ!" ಇಸ್ತ್ರಿಯವನ ಮುದಿ ಅತ್ತೆ ಮಾತ್ರ ಬಲು ಖುಷಿಯಲ್ಲಿದ್ದಳು. "ಇವತ್ತು ನನ್ನ ತಂಗಿ ಎಷ್ಟು ತಿಳುವಳಿಕೆಯಿಂದ ಮಾತಾಡಿದ್ಲು ಗೊತ್ತಾ? ನಾನು ಹೇಳಿದ್ದಕ್ಕೆಲ್ಲ ಒಪ್ಪಿದ್ಲು."

ಗೂಡಕ್ಕ ನಾಲಿಗೆ ಕಚ್ಚಿಕೊಂಡು, ಗಂಟೆಯ ಸಂಕೇತ ಹೋಗುವ ಆ ಬೇರೆ ದಾರಿಯಲ್ಲೇ ಆಚೆ ತುದಿಯಣ್ಣನಿಗೆ ಸುದ್ದಿ ಮುಟ್ಟಿಸಿ ಲೂಪ್ ತೆಗೆಸಿದಳು. ತಲೆಯೆತ್ತಿದರೆ ಬಾಗಿಲಲ್ಲಿ ತಮ್ಮ. ಕೊರಳಲ್ಲಿ ಅಳತೆಯ ಟೇಪು, ಓಡಿ ಬಂದ ಏದುಸಿರು. ಗಿರಾಕಿ ಕಾಯುತ್ತಿದ್ದರಿಂದ ವಿಧಿಯಿಲ್ಲದೆ ಅವನೇ ಅಸ್ತರಿನವನಿಗೆ ಫೋನು ಮಾಡಿದ್ದ. ಅವನ ದನಿ ಅವನಿಗೇ, ರೆಪ್ಪೆ ಬಡಿಯುವಷ್ಟು ತಡವಾಗಿ, ಕಿವಿಗೆ ಮರಳಿತ್ತು. ಪೆಟ್ಟಿಗೆ ಹೋಳುಗಳನ್ನು ಕೂಡಿಸಲು ಕಾಯುವ ಹೊತ್ತು, ಹೋಗಿ ಬರುವ ಹೊತ್ತು, ಅಷ್ಟೇ ಆ ತಡ. ಯಾರೋ ಹಿಂದಿನಿಂದ ಅದನ್ನೇ ಹೇಳುತ್ತ ಜೊತೆಗೆ ನಡೆದು ಬರುತ್ತಿರುವಂತೆ ಇತ್ತಂತೆ. ಮಾತು ಬೀಗವಿಲ್ಲದೆ, ಇಸ್ತ್ರಿ ಮಾಡಿದ ಬಟ್ಟೆಯಂತೆ ಹೊರಬಂದಿತ್ತಂತೆ. ಇಷ್ಟನ್ನು ಹೇಳಲು ಅವನಿಗೆ ಬಹಳ ಹೊತ್ತು ಹಿಡಿಯಿತು. ಅರ್ಧವನ್ನು ಅವಳೇ ಹೇಳಿದಳು.

ತಮ್ಮ ಮಾತು ರೂಢಿಸಿಕೊಳ್ಳಲಿ ಎಂದು ಗೂಡಕ್ಕ ಬೇಡಿಕೊಂಡದ್ದಕ್ಕೆ ಆಚೆ ತುದಿಯಣ್ಣ ಕೆಮ್ಮಿ, ಗೊಣಗಿ, ಪರೀಕ್ಷೆಯ ದಾರಿಯೊಂದರಲ್ಲಿ ಲೂಪನ್ನು ಮತ್ತೆ ಹಾಕಿಕೊಟ್ಟ. "ಇದಕ್ಕೆ ಸಾಲಿನಲ್ಲಿ ಕೊನೇ ಜಾಗ ಕಣಮ್ಮ. ಲೈನು ತುಂಬಿದ್ರೆ ಪೆಟ್ಟಿಗೆ ಮೊದಲು ಕೈಬಿಡೋದು ಇದನ್ನೇ."

"ಮಧ್ಯಾಹ್ನ ಯಾರಣ್ಣ ಮಾತಾಡ್ತಾರೆ? ಬೀದಿಗೆ ಬೀದೀನೇ ಗೊರಕೆ ಹೊಡೀತಿರುತ್ತೆ."

ಹೀಗೆ ತಮ್ಮ ದಿನಾ ಮಧ್ಯಾಹ್ನ ಅಂಗಡಿಗೆ ಬಾಗಿಲೆಳೆದು ಗೂಡಿಗೆ ಬರತೊಡಗಿದ. ಗಾಜಿನ ಆಚೆ, ದೀಪಗಳ ಪಕ್ಕದಲ್ಲಿ, ತಂತಿ ಸುತ್ತುವ ಖಾಲಿ ಮರದ ಗಾಲಿಯ ಮೇಲೆ ಕೂತು, ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಮಾತಾಡುತ್ತಿದ್ದ. ಹಸಿರು ಬೆಳಕು ಅವನ ಕೆನ್ನೆಯ ಮೇಲೆ ನೀರಿನ ನೆರಳಿನಂತೆ ಆಡುತ್ತಿತ್ತು. ದೂರದ ನಗರದವರೆಗೂ ಹೋಗಿ, ಅಲ್ಲಿ ಯಾರನ್ನೂ ಕಾಣದೆ ಮನೆಗೆ ಮರಳಿದ ದನಿಯನ್ನು ಅವನು ಹೆಗಲ ಮೇಲೆ ಕೂತ ಹಕ್ಕಿಯನ್ನು ಆಲಿಸುವಂತೆ ತಲೆ ಓರೆ ಮಾಡಿ ಆಲಿಸುತ್ತಿದ್ದ. ಗೂಡಕ್ಕನ ಮೇಜಿನ ಮೇಲೂ ಒಂದು ಕೇಳುವ ಸಾಧನವಿತ್ತು. ಅವಳು ಮೊದಲ ಬಾರಿಗೆ ತಮ್ಮನ ಪೂರ್ತಿ ವಾಕ್ಯಗಳನ್ನು ಕೇಳಿದಳು. ದಪ್ಪ ಬಟ್ಟೆ ಮಳೆಗಾಲದಲ್ಲಿ ಹೇಗೆ ಮುನಿಸಿಕೊಳ್ಳುತ್ತದೆ, ಕತ್ತರಿ ಹರಿತವಿದ್ದ ದಿನ ಕೈಗೆ ಎಂತಹ ನಿದ್ದೆಯಂತಹ ಸುಖ ಸಿಗುತ್ತದೆ, ಸತ್ತ ಅಪ್ಪನ ಅಂಗಿಯನ್ನು ಬಿಚ್ಚಿ ಅಳತೆ ಕಲಿತದ್ದು. ಇಷ್ಟೆಲ್ಲ ಒಳಗೆ ಮಡಿಚಿಟ್ಟಿದ್ದನೇ ಇವನು, ಎಂದು ಅವಳು ಬೆರಗಾದಳು.

ಒಂದು ದಿನ ಅವನು, ಅವಳು ಕೇಳುತ್ತಿರುವುದನ್ನು ಮರೆತೋ ಮರೆಯದೆಯೋ, ಸಲೀಸಾಗಿ ಹೇಳಿದ: "ಅಕ್ಕ ನನಗೆ ಚಹಾಕ್ಕೆ ಮೂರು ಚಮಚ ಸಕ್ಕರೆ ಹಾಕಿಸ್ತಾಳೆ. ನನಗೆ ಸಕ್ಕರೆ ಇಷ್ಟಾನೇ ಇಲ್ಲ. ಚಿಕ್ಕವನಿದ್ದಾಗ ಒಂದು ಸಲ ಬೇ... ಅಂದೆ, ಬೇಕು ಅಂತ ಮುಗಿಸಿದ್ಲು. ಅವತ್ತಿಂದ ಕುಡೀತಾ ಇದ್ದೀನಿ."

ಗೂಡಕ್ಕ ಕೇಳುವ ಸಾಧನವನ್ನು ಮೆಲ್ಲನೆ ಮೇಜಿನ ಮೇಲಿಟ್ಟಳು. ಗಾಜಿನಲ್ಲಿ ತನ್ನದೇ ಮುಖ ಕಾಣಿಸಿತು, ಅದರ ಹಿಂದೆ ತಮ್ಮನದು, ಎರಡೂ ಒಂದರೊಳಗೊಂದು. ಎಷ್ಟು ವರ್ಷಗಳ ಸಿಹಿ! ಅವನ ಪಾಲಿನ ಇನ್ನೆಷ್ಟು ಮಾತುಗಳನ್ನು ತಪ್ಪು ಚೀಟಿ ಅಂಟಿಸಿ ಕಳಿಸಿದ್ದೇನೋ! ಸಂಜೆ ಅವನ ಲೋಟವನ್ನು ಸಕ್ಕರೆಯಿಲ್ಲದೆ ಮುಂದಿಟ್ಟಳು. ಅವನು ಒಂದು ಗುಟುಕು ಕುಡಿದು ಅವಳ ಮುಖ ನೋಡಿದ. ಆಮೇಲೆ ಲೋಟ ಎತ್ತಿ ಪೂರ್ತಿ ಕುಡಿದ.

ತಿಂಗಳು ಮುಗಿಯಲು ಬಂದಾಗ ಏರ್ಪಾಡು ಹೀಗಾಯಿತು. ಆಚೆ ತುದಿಯಣ್ಣ ಒಂದು ಕವಲು ಹಾಕಿಕೊಟ್ಟ. ತಮ್ಮ ಆಡಿದ್ದು ಗುಂಡಿಯಾಕೆಗೂ ಹೋಗಬೇಕು, ಲೂಪ್‌ನಲ್ಲಿ ಅವನ ಕಿವಿಗೂ ಮರಳಬೇಕು. ತಮ್ಮ ಹೊಸ ಅಂಗಿ ತೊಟ್ಟು ಬಂದ, ಫೋನಿನಲ್ಲಿ ಯಾರು ನೋಡುತ್ತಾರೋ! ಗೂಡಕ್ಕ ಸಂಖ್ಯೆ ಒತ್ತಿ, ಆ ಕಡೆ "ಹಲೋ" ಬಂದೊಡನೆ ದಾರಿಯನ್ನು ಅವನಿಗೆ ಬಿಟ್ಟು, ತನ್ನ ಕೇಳುವ ಸಾಧನವನ್ನು ಕಳಚಿಟ್ಟಳು. ಗಾಜಿನ ಆಚೆ ಅವನ ತುಟಿ ಆಡಿತು. ತಡೆಯಿಲ್ಲದೆ ಆಡಿತು. ಎರಡು ದೀಪ ಅವನವು, ಒಂದು ಹೋಗುವ ದಾರಿಯದು, ಒಂದು ಮರಳುವ ದಾರಿಯದು. ಎರಡೂ ಜೋಡಿ ಮಿಂಚುಹುಳುಗಳಂತೆ ಕೂಡಿ ಮಿನುಗುತ್ತಿದ್ದವು. ಅವಳಿಗೆ ಮೈ ಹಗುರಾಗಿ, ಕನಸೋ ನನಸೋ ಅನ್ನುವಂತಾಯಿತು.

ಆಗ ಬೀದಿಯ ಕರೆಂಟು ಹೋಯಿತು.

ಕೂಡುಪೆಟ್ಟಿಗೆ ಬ್ಯಾಟರಿಯ ಮೇಲೆ ನಡೆಯುತ್ತಿತ್ತು, ಅದಕ್ಕೆ ಏನೂ ಆಗಲಿಲ್ಲ. ತಂಪು ಯಂತ್ರ ಮಾತ್ರ ನಿಟ್ಟುಸಿರಿಟ್ಟು ನಿಂತಿತು. ಗುಂಯ್ ಎನ್ನುವ ಸದ್ದು ಸತ್ತಾಗಲೇ ಅದು ಅಷ್ಟು ದೊಡ್ಡದಿತ್ತೆಂದು ತಿಳಿದದ್ದು. ಪೆಟ್ಟಿಗೆ ಬಿಸಿಯೇರಬಾರದೆಂದು ಅವಳು ಎದ್ದು ಗಾಜಿನ ಬಾಗಿಲನ್ನು ಸರಿಸಿ ಬಂದು ಕೂತಳು. ಅಷ್ಟರಲ್ಲಿ ದೀಪಗಳು ಹೊತ್ತಿಕೊಳ್ಳತೊಡಗಿದವು. ಫ್ಯಾನು ನಿಂತು ನಿದ್ದೆ ಕೆಟ್ಟ ಬೀದಿಯೆಲ್ಲ ಎದ್ದು, ಮಹಾನಗರದಲ್ಲಿದ್ದ ಕರೆಂಟಿನ ಕಚೇರಿಗೆ ಒಟ್ಟಿಗೆ ಫೋನು ಎತ್ತಿತ್ತು. ಭಟ್ಟಿ, ಇಸ್ತ್ರಿ, ಮೇಲ್ಮನೆ, ಕೆಳಮನೆ, ಎಲ್ಲರೂ. ಎಲ್ಲರೂ ಒಂದೇ ಸಲ ಬಾಯಿ ತೆಗೆಯುವುದಿಲ್ಲ ಅನ್ನುವ ನಂಬಿಕೆ ಆ ಗಳಿಗೆಗೆ ಮುರಿಯಿತು. ಟ್ರಂಕ್ ಲೈನಿನ ದೀಪ ಹಸಿರಿನಿಂದ ಹಳದಿಗೆ ತಿರುಗಿತು. ಸಾಲಿನ ಕೊನೆಯಲ್ಲಿದ್ದದ್ದನ್ನು ಪೆಟ್ಟಿಗೆ ಕೈಬಿಟ್ಟಿತು. ಮರಳುವ ದಾರಿಯ ದೀಪ ಆರಿತು.

ತಮ್ಮನ ಜೊತೆ ನಡೆಯುತ್ತಿದ್ದ ದನಿ ನಡುದಾರಿಯಲ್ಲಿ ಮಾಯವಾಯಿತು. ಅವನು "ನನ್ನನ್ನ ಮ" ಎಂದು ನಿಂತ. ಬೀಗ ಬಿತ್ತು. ಕುತ್ತಿಗೆಯ ನರ ಉಬ್ಬಿತು. ಅವನು ತಲೆಯೆತ್ತಿ ಅಕ್ಕನನ್ನು ನೋಡಿದ.

ಅವಳ ಮೇಜಿನ ಮೇಲೆ ಮಾತಿನ ಗುಂಡಿ ಇತ್ತು. ಒತ್ತಿದರೆ ಸಾಕು, ಆ ದಾರಿಯಲ್ಲಿ ಅವಳ ದನಿ ಹೋಗುತ್ತಿತ್ತು. "ಮದುವೆ ಆಗ್ತೀರಾ ಅಂತ ಕೇಳ್ತಿದ್ದಾನೆ ಕಣಮ್ಮ." ಮಾತು ಆಗಲೇ ಅವಳ ಬಾಯಿಗೆ ಬಂದು ಕೂತಿತ್ತು. ಕೈ ತಾನಾಗಿ ಚಾಚಿತು. ಬೆರಳು ಗುಂಡಿಯ ತಣ್ಣನೆಯ ಮೈ ಮುಟ್ಟಿತು. ನಾಲಿಗೆಯ ಮೇಲೆ ಎಲ್ಲಿಂದಲೋ ಮೂರು ಚಮಚ ಸಕ್ಕರೆಯ ರುಚಿ ಬಂತು. ಅವಳು ಕೈಯನ್ನು ಎಳೆದುಕೊಂಡು, ಎರಡೂ ಅಂಗೈಗಳನ್ನು ತೊಡೆಯ ಕೆಳಗಿಟ್ಟು ಅವುಗಳ ಮೇಲೆ ಕೂತಳು. ನೆಲವನ್ನೂ ನೋಡಲಿಲ್ಲ. ಅವನ ಮುಖವನ್ನೇ ನೋಡಿದಳು.

ಹೋಗುವ ದಾರಿಯ ಅವನ ದೀಪವೂ ಈಗ ಆರಿತ್ತು. ಅವನು ಮಾತಿಲ್ಲದೆ ನಿಂತ ಆ ಸಂದಿನಲ್ಲಿ ಭಟ್ಟಿಯ ದೀಪ ಮಿನುಗಿತು, ಅದರ ಹಿಂದೆ ಇಸ್ತ್ರಿಯದು, ಅದರ ಹಿಂದೆ ಮುದುಕಿಯದು. ಹುದುಗು ಬಂದ ಹಿಟ್ಟು ಕೆಟ್ಟುಹೋಗುವ ಗೋಳು, ಸೆಕೆಯ ಶಾಪ, ಕತ್ತಲ ಮೆಟ್ಟಿಲ ದೂರು, ಎಲ್ಲ ತಮ್ಮನ ಮೌನದ ಬಾಗಿಲಿನಿಂದ ಒಂದೊಂದಾಗಿ ನುಸುಳಿ ದೂರಕ್ಕೆ ಹೋದವು. ಈ ಬೀದಿ ಇಷ್ಟು ವರ್ಷ ಧಾರಾಳವಾಗಿ ಮಾತಾಡಿದ್ದು ಇವನು ಬಿಟ್ಟುಕೊಟ್ಟ ಜಾಗದಲ್ಲೇ ಇರಬೇಕು ಎಂದು ಅವಳಿಗೆ ಅನ್ನಿಸಿತು. ಬಿಸಿಯೇರುತ್ತಿದ್ದ ಕೋಣೆಯಲ್ಲಿ ಬೆವರು ಅವಳ ಬೆನ್ನಿನ ಗುಂಟ ಇಳಿಯಿತು.

"ಮ... ಮ..." ತುಟಿ ಕೂಡಿತು, ಬಿಟ್ಟಿತು. ಅವನ ದೀಪ ಒಮ್ಮೆ ಮಿನುಗಿತು. ಆರಿತು. ಕಿಟಕಿಯಿಲ್ಲದ ಆ ಕೋಣೆಯಲ್ಲಿ ಈಗ ಅವನ ದನಿಯೊಂದೇ, ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ಹೊಳೆ ದಾಟುತ್ತಿತ್ತು. "ಮದ್... ಮದುವೆ ಆ... ಆಗ್ತೀರಾ?"

ಆಮೇಲೆ ಅವನು ಕಣ್ಣು ಮುಚ್ಚಿ ಕೇಳಿಸಿಕೊಂಡ. ಬಹಳ ಹೊತ್ತು. ಹೆಡ್‌ಫೋನು ತೆಗೆದು ಮಡಿಲಲ್ಲಿಟ್ಟುಕೊಂಡ.

ಗೂಡಕ್ಕ ಏನೂ ಕೇಳಲಿಲ್ಲ. ಕೈಗಳ ಮೇಲಿಂದ ಏಳಲೂ ಇಲ್ಲ.

"ಅವ... ಅವಳು ಹೇಳಿದ್ಲು," ಎಂದು ಅವನೇ ಶುರು ಮಾಡಿದ. ಅವನು ನಿಂತಲ್ಲೆಲ್ಲ ಅವಳು ಕಾದಳು. ಅವನು ಹೇಳಿದ್ದಿಷ್ಟು: ಮೊದಲು ಅಷ್ಟೊಂದು ಸರಾಗವಾಗಿ ಬಂದ ದನಿ ಕೇಳಿ ಗುಂಡಿಯಾಕೆಗೆ ಸಿಟ್ಟು ಬಂದಿತ್ತು. ಅಕ್ಕನ ಬದಲು ಇನ್ಯಾರನ್ನೋ ಬಾಡಿಗೆಗೆ ಕರೆದು ಮಾತಾಡಿಸುತ್ತಿದ್ದಾರೆ ಎಂದುಕೊಂಡು, ಫೋನು ಇಡಲು ಕೈ ಎತ್ತಿದ್ದಳು. ಅಷ್ಟರಲ್ಲಿ ಆ ದನಿ ತಡೆದು ನಿಂತಿತ್ತು. "ಆವಾಗ ನೀವು ಬಂದ್ರಿ ಅಂತ ಗೊತ್ತಾಯ್ತು," ಅಂದಿದ್ದಳು. ಆಗುತ್ತೇನೆ ಅಂದಿದ್ದಳು. ಮುಂದಿನ ವಾರ ಬರುತ್ತೇನೆ, ಈ ಸಲ ಮಾದರಿ ರಟ್ಟು ತರುವುದಿಲ್ಲ ಅಂದಿದ್ದಳು.

ಕರೆಂಟು ಬಂತು. ತಂಪು ಯಂತ್ರ ಮೈಮುರಿದು ಮತ್ತೆ ಗುಂಯ್ ಎಂದಿತು. ದೀಪಗಳು ಒಂದೊಂದಾಗಿ ಆರಿ, ಬೀದಿ ಮತ್ತೆ ನಿದ್ದೆಗೆ ಹೊರಳಿತು. ಆರಿದ್ದ ಮರಳುವ ದಾರಿಯ ದೀಪವೂ ಜಾಗ ಸಿಕ್ಕಿತೆಂದು ಹೊತ್ತಿಕೊಂಡಿತು. ಗೂಡಕ್ಕ ಆಚೆ ತುದಿಯಣ್ಣನಿಗೆ ಫೋನು ಮಾಡಿ ಹೇಳಿದಳು: "ಲೂಪ್ ತೆಗೀರಿ ಅಣ್ಣ. ಈ ಸಲ ಮರೀದೆ ಹೇಳ್ತಿದ್ದೀನಿ."

"ಏನಂದ್ಲಮ್ಮ ಹುಡುಗಿ?"

ಅವಳು ಬಾಯಿ ತೆಗೆದವಳು ಹಾಗೇ ಮುಚ್ಚಿ, ಫೋನನ್ನು ತಮ್ಮನ ಕೈಗೆ ಕೊಟ್ಟಳು. ಆಚೆ ತುದಿಯಣ್ಣ ಆ ಕೊನೆಯಲ್ಲಿ ಕೆಮ್ಮನ್ನು ತಡೆಹಿಡಿದು ಕಾದ.

ಸಂಜೆ ಮನೆಯಲ್ಲಿ ಅಮ್ಮ ಒಗೆದ ಬಟ್ಟೆ ಮಡಿಚುತ್ತ ಕೂತಿದ್ದಳು. ಮಗನ ಮುಖ ನೋಡಿ, ಅಭ್ಯಾಸಬಲದಿಂದ ಮಗಳ ಕಡೆ ತಿರುಗಿ ಕೇಳಿದಳು: "ಏನಾಯ್ತೇ?"

"ನನ್ನನ್ನೇನು ಕೇಳ್ತೀಯ? ಮದುವೆ ನಂದಾ?"

ಅಮ್ಮ ಮಡಿಚುತ್ತಿದ್ದ ಹೊದಿಕೆಯನ್ನು ತೊಡೆಯ ಮೇಲಿಟ್ಟು ಮಗನ ಕಡೆ ತಿರುಗಿದಳು. ತಮ್ಮ ತುಟಿ ಅಣಿಮಾಡಿದ. ಗೂಡಕ್ಕ ಸಕ್ಕರೆ ಹಾಕದ ಲೋಟವನ್ನು ಅವನ ಪಕ್ಕಕ್ಕೆ ಸರಿಸಿ, ಗೋಡೆಗೊರಗಿ ಕೂತಳು. ಕಿಟಕಿಯ ಹೊರಗೆ, ಬೀದಿಯ ನೆಲದಡಿಯಲ್ಲಿ, ಯಾರ್ಯಾರದೋ ಮಾತಿನ ಹೋಳುಗಳು ಗೂಡಿನ ಕಡೆ ಹರಿದು ಹೋಗುತ್ತಿದ್ದವು. ಇಲ್ಲಿ ಮೂವರಿಗೂ ಅವಸರವಿರಲಿಲ್ಲ.